ರೀಲು ಹಾಳಾಯಿತೇ? ಮೊದಲು ಅಂಚು ನೋಡಿ

ಅಪ್ಪನ ಕಾಲದ ಕ್ಯಾಮೆರಾ ಬೀರುವಿನಿಂದ ಈಚೆಗೆ ಬರುತ್ತದೆ. ಆನ್‌ಲೈನ್‌ನಲ್ಲಿ ಒಂದು ರೀಲು ತರಿಸುತ್ತಾರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲೋ ಚಿತ್ರದುರ್ಗದ ಕೋಟೆಯಲ್ಲೋ 36 ಫೋಟೊ ಹೊಡೆದು ಬೆಂಗಳೂರಿಗೆ ಕೊರಿಯರ್ ಮಾಡುತ್ತಾರೆ. ವಾಪಸ್ ಬಂದಾಗ ಅರ್ಧ ರೀಲು ಖಾಲಿ, ಉಳಿದರ್ಧದಲ್ಲಿ ಕೆಂಪು ಪಟ್ಟೆ. ದುಗ್ಗಮ್ಮನ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ, ಹೊಟ್ಟೆ ಉರಿಯದೆ ಇರುತ್ತದೆಯೇ? ಕೆಲವರು ಲ್ಯಾಬಿನವರನ್ನು ಬೈಯುತ್ತಾರೆ. ಕೆಲವರು ಸ್ಕ್ರೂಡ್ರೈವರ್ ಹಿಡಿದು ಕ್ಯಾಮೆರಾ ಬಿಚ್ಚಲು ಕೂರುತ್ತಾರೆ. ಬೈದರೆ ಮಾತು ಹೋಗುತ್ತದೆ ಅಷ್ಟೆ, ಬಿಚ್ಚಿದರೆ ಕ್ಯಾಮೆರಾನೇ ಹೋಗುತ್ತದೆ.

ತಪ್ಪು ಎಲ್ಲಿ ನಡೆದಿದೆ ಎಂಬುದು ಸಾಮಾನ್ಯವಾಗಿ ನೆಗೆಟಿವ್‌ನಲ್ಲೇ ಇರುತ್ತದೆ. ಅದನ್ನು ಓದುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ 35 ಎಂಎಂ ರೀಲಿನ ಬಗ್ಗೆ. ಕಪ್ಪು-ಬಿಳುಪು, ಕಲರ್ ಎರಡಕ್ಕೂ ಹೊಂದುತ್ತದೆ.

ಸ್ಕ್ಯಾನ್ ನಂಬಬೇಡಿ

ಲ್ಯಾಬಿನವರು ಮೊಬೈಲಿಗೆ ಕಳಿಸುವ ಸ್ಕ್ಯಾನ್ ನೋಡಿ ದೋಷ ಹುಡುಕಲು ಹೋಗಬೇಡಿ. ಸ್ಕ್ಯಾನರ್ ತಾನಾಗೇ ಬೆಳಕು, ಬಣ್ಣ ಸರಿಮಾಡುತ್ತದೆ. ಬೆಳಕು ಸಾಲದೆ ತೆಳುವಾದ ಫೋಟೊವನ್ನು ಎಳೆದು ಎಳೆದು ಕಾಳು ಕಾಳಾಗಿ ತೋರಿಸುತ್ತದೆ. ನೋಡಿದವರು ರೀಲೇ ಹಳೆಯದು ಅಂದುಕೊಳ್ಳುತ್ತಾರೆ. ಕೊಡುವಾಗಲೇ ‘ನೆಗೆಟಿವ್ ವಾಪಸ್ ಬೇಕು, ಅಂಚು ಕತ್ತರಿಸಬೇಡಿ’ ಎಂದು ಬರೆದುಕೊಡಿ.

ನೆಗೆಟಿವ್ ಬಂದ ಮೇಲೆ ಮೊಬೈಲ್ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಬೆಳಕು ಜಾಸ್ತಿ ಇಟ್ಟು, ಅದರಿಂದ ಒಂದೆರಡು ಇಂಚು ಮೇಲೆ ಹಿಡಿದು ನೋಡಿ. ಹಗಲಾದರೆ ಕಿಟಕಿ ಸಾಕು. ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು. ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ ಅನ್ನುವುದು ನೆನಪಿರಲಿ. ಬೆಳಕು ಬಿದ್ದ ಕಡೆ ಕಪ್ಪು, ಬೀಳದ ಕಡೆ ಪಾರದರ್ಶಕ.

ಅಂಚಿನ ಬರಹ

ರೀಲಿನ ಎರಡೂ ಅಂಚಿನಲ್ಲಿ, ತೂತುಗಳ ಪಕ್ಕ, ಕಂಪನಿಯ ಹೆಸರು, ಫಿಲ್ಮಿನ ಹೆಸರು, 1, 1ಎ, 2, 2ಎ ಎಂಬ ಸಂಖ್ಯೆಗಳು ಇರುತ್ತವೆ. ಇವು ಶಾಯಿಯಲ್ಲಿ ಅಚ್ಚಾದವಲ್ಲ. ಫ್ಯಾಕ್ಟರಿಯಲ್ಲೇ ಬೆಳಕು ತಾಗಿಸಿ ಇಟ್ಟಿರುತ್ತಾರೆ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್‌ಗೆ ಬಿದ್ದ ಮೇಲಷ್ಟೇ ಕಾಣಿಸುತ್ತವೆ. ನಿಮ್ಮ ಕ್ಯಾಮೆರಾಗೂ ಈ ಬರಹಕ್ಕೂ ಏನೂ ಸಂಬಂಧ ಇಲ್ಲ. ಅದಕ್ಕೇ ಇದು ಒಳ್ಳೆಯ ಸಾಕ್ಷಿ.

ಅಂಚಿನ ಬರಹ ಕಪ್ಪಾಗಿ, ಚೂಪಾಗಿ ಇದೆ, ಆದರೆ ಫ್ರೇಮ್ ಒಂದೂ ಇಲ್ಲ ಅಂದರೆ ತೊಳೆದವರ (ಡೆವಲಪ್ ಮಾಡಿದವರ) ತಪ್ಪಿಲ್ಲ. ರೀಲಿಗೆ ಬೆಳಕೇ ಬಿದ್ದಿಲ್ಲ. ಶಟರ್ (ರೀಲಿಗೆ ಬೆಳಕು ಬಿಡುವ ಪರದೆ) ತೆರೆದಿಲ್ಲ, ಇಲ್ಲವೇ ರೀಲು ಮುಂದಕ್ಕೇ ಹೋಗಿಲ್ಲ. ಬರಹವೂ ಇಲ್ಲ, ಫ್ರೇಮೂ ಇಲ್ಲ, ಇಡೀ ರೀಲು ಗಾಜಿನ ಹಾಗೆ ತಿಳಿಯಾಗಿದೆ ಅಂದರೆ ಕ್ಯಾಮೆರಾ ನಿರಪರಾಧಿ. ಡೆವಲಪರ್ ಸತ್ತಿತ್ತು, ಇಲ್ಲವೇ ಡೆವಲಪರ್‌ಗಿಂತ ಮೊದಲೇ ಹೈಪೋ (ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್ ದ್ರಾವಣ) ಬಿದ್ದಿದೆ. ಇದನ್ನು ಉಳಿಸಲು ಆಗುವುದಿಲ್ಲ.

ಬರಹ ಗಟ್ಟಿಯಾಗಿದ್ದು ಫ್ರೇಮ್ ಮಾತ್ರ ತೆಳುವಾಗಿದ್ದರೆ ಫೋಟೊ ಹೊಡೆಯುವಾಗ ಬೆಳಕು ಸಾಲಲಿಲ್ಲ. ಬರಹ, ಫ್ರೇಮ್ ಎರಡೂ ಪೇಲವ ಆಗಿದ್ದರೆ ತೊಳೆಯುವಾಗ ಸಮಯವೋ ಬಿಸಿಯೋ ಡೆವಲಪರ್‌ನ ಕಸುವೋ ಸಾಲಲಿಲ್ಲ. ಎರಡೂ ವಿಪರೀತ ಕಪ್ಪಾಗಿದ್ದರೆ ಜಾಸ್ತಿ ತೊಳೆದಿದ್ದಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಮನೆಯಲ್ಲೇ ತೊಳೆಯುವವರಿಗೆ ಈ ಕೊನೆಯದ್ದೇ ಕಾಟ.

ಒಂದು ಎಚ್ಚರಿಕೆ. ಸಿನಿಮಾ ರೀಲನ್ನು ಕತ್ತರಿಸಿ ಡಬ್ಬಿಗೆ ಸುತ್ತಿ ಕಡಿಮೆ ಬೆಲೆಗೆ ಮಾರುವವರಿದ್ದಾರೆ. ಅಂಥದ್ದರಲ್ಲಿ ಅಂಚಿನ ಬರಹ ಬೇರೆ ಥರ ಇರುತ್ತದೆ, ಫ್ರೇಮ್ ಸಂಖ್ಯೆ ಇರುವುದೇ ಇಲ್ಲ. ನೆಗೆಟಿವ್ ಮೇಲೆ ಕಪ್ಪು ಮಸಿ ಮೆತ್ತಿದ ಹಾಗೆ ಕಂಡರೆ ಅದು ಸಿನಿಮಾ ರೀಲಿನ ಬೆನ್ನಿಗೆ ಬಳಿದ ಇಂಗಾಲದ ಪದರ, ರೆಮ್‌ಜೆಟ್. ಅಡುಗೆ ಸೋಡಾ ಕದಡಿದ ನೀರಿನಲ್ಲಿ ನೆನೆಸಿ, ಹೊಳೆಯುವ ಬದಿಯನ್ನು ಮಾತ್ರ ಒದ್ದೆ ಸ್ಪಂಜಿನಿಂದ ಮೆಲ್ಲಗೆ ಒರೆಸಿದರೆ ಬಿಡುತ್ತದೆ. ಇಂಥ ರೀಲನ್ನು ಹೇಳದೆ ಲ್ಯಾಬಿಗೆ ಕೊಡಬೇಡಿ. ಮಾಮೂಲಿ ಕಲರ್ ರೀಲು ತೊಳೆಯುವ ಸಿ-41 ಯಂತ್ರಕ್ಕೆ ಹೋದರೆ ಆ ಮಸಿ ಅವರ ಕೆಮಿಕಲ್ ಪೂರ್ತಿ ಕೆಡಿಸುತ್ತದೆ.

ರೀಲು ಓಡಿಯೇ ಇಲ್ಲ

ಹೊಸದಾಗಿ ಕ್ಯಾಮೆರಾ ಹಿಡಿದವರ ಖಾಲಿ ರೀಲಿಗೆ ಶಟರ್ ಕಾರಣ ಆಗಿರುವುದು ಅಪರೂಪ. ರೀಲಿನ ನಾಲಿಗೆ ಬಲಗಡೆಯ ಉರುಳೆಯಿಂದ ಜಾರಿರುತ್ತದೆ. ಲಿವರ್ ತಿರುಗುತ್ತದೆ, ಎಣಿಕೆ ಏರುತ್ತದೆ, ಕ್ಲಿಕ್ ಸದ್ದು ಬರುತ್ತದೆ, ರೀಲು ಮಾತ್ರ ಡಬ್ಬಿಯಲ್ಲೇ ಹಾಯಾಗಿ ಕೂತಿರುತ್ತದೆ. ಎಣಿಕೆಯ ಮುಳ್ಳಿಗೆ ರೀಲು ಓಡಿತೋ ಇಲ್ಲವೋ ಗೊತ್ತಾಗುವುದಿಲ್ಲ. 36 ದಾಟಿ 40ಕ್ಕೆ ಹೋದರೂ ಲಿವರ್ ಬಿಗಿಯಾಗದಿದ್ದರೆ ಇದೇ ಕತೆ ಅಂದುಕೊಳ್ಳಿ.

ಲೋಡ್ ಮಾಡಿ ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಸಡಿಲ ಹೋಗಿ ತಡೆ ಸಿಕ್ಕ ತಕ್ಷಣ ನಿಲ್ಲಿಸಿ. ಈಗ ಲಿವರ್ ಎಳೆಯಿರಿ. ಗುಂಡಿ ತಾನಾಗೇ ಉಲ್ಟಾ ತಿರುಗಿದರೆ ರೀಲು ಓಡುತ್ತಿದೆ. ತಿರುಗದಿದ್ದರೆ ಬಾಗಿಲು ತೆಗೆದು ಮತ್ತೆ ಹಾಕಿ. ಹೆಚ್ಚೆಂದರೆ ಮೊದಲ ಒಂದೆರಡು ಫೋಟೊ ಹೋಗುತ್ತದೆ ಅಷ್ಟೆ.

ಫ್ರೇಮ್ ಒಂದರ ಮೇಲೊಂದು ಹತ್ತಿ ಕೂತಿದ್ದರೆ ತೂತುಗಳನ್ನು ನೋಡಿ. ಒಂದು ಫ್ರೇಮಿಗೆ 8 ತೂತು ಓಡಬೇಕು. ತೂತು ಹರಿದಿದ್ದರೆ ರೀಲು ಮುಗಿದ ಮೇಲೂ ಲಿವರ್ ಜಗ್ಗಿದ್ದೀರಿ ಅಂತ ಅರ್ಥ. ತೂತು ಸರಿಯಿದ್ದೂ ಅಂತರ ಹೆಚ್ಚುಕಡಿಮೆ ಆಗುತ್ತಿದ್ದರೆ ಒಳಗಿನ ಹಲ್ಲುಗಾಲಿ ಸವೆದಿದೆ. ಅದು ಮೆಕ್ಯಾನಿಕ್ ಕೆಲಸ.

ಲೈಟ್ ಹೊಡೆದಿದೆ, ಆದರೆ ಎಲ್ಲಿಂದ?

ಬೆಳಕು ಸೋರಿದ ಜಾಗ ಹುಡುಕಲು ಒಂದು ಸುಲಭದ ಗುರುತಿದೆ. ಆ ಕಲೆ ಫ್ರೇಮಿನ ಒಳಗೇ ನಿಂತಿದೆಯೋ, ತೂತುಗಳಿರುವ ಅಂಚಿಗೂ ಹರಡಿದೆಯೋ ನೋಡಿ. ಲೆನ್ಸಿನ ಕಡೆಯಿಂದ ಬರುವ ಬೆಳಕು 24 ಗುಣಿಸು 36 ಮಿಲಿಮೀಟರಿನ ಕಿಂಡಿಯ ಮೂಲಕವೇ ಬರಬೇಕು. ಫ್ರೇಮಿನ ಗಡಿಯಲ್ಲಿ ಅದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಹಿಂಬಾಗಿಲ ಸಂದಿಯಿಂದ ನುಗ್ಗಿದ ಬೆಳಕಿಗೆ ಅಂಥ ಗಡಿ ಇಲ್ಲ. ಅಂಚು, ತೂತು, ಫ್ರೇಮ್ ನಡುವಿನ ಖಾಲಿ ಜಾಗ ಎಲ್ಲವನ್ನೂ ದಾಟಿ ಹೋಗುತ್ತದೆ.

ಅಂಚನ್ನೂ ದಾಟಿದೆ ಅಂದರೆ ಮೊದಲ ಅನುಮಾನ ಬಾಗಿಲ ಫೋಮ್ ಮೇಲೆ. 1970-80ರ ದಶಕದ ಎಸ್‌ಎಲ್‌ಆರ್‌ಗಳಲ್ಲಿ (ಲೆನ್ಸಿನ ಹಿಂದೆ ಕನ್ನಡಿ ಇರುವ ಕ್ಯಾಮೆರಾಗಳು) ಬಾಗಿಲು ಕೂರುವ ತೋಡಿಗೆ, ಕೀಲಿನ ಬದಿಗೆ ಕಪ್ಪು ಫೋಮ್ ಅಂಟಿಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಪುಡಿಯಾಗುತ್ತದೆ ಅಥವಾ ಟಾರಿನಂತೆ ಅಂಟಂಟಾಗುತ್ತದೆ. ಬೆರಳಿನಿಂದ ಮುಟ್ಟಿದರೆ ಕಪ್ಪು ಹತ್ತಿದರೆ ಅದರ ಆಯುಷ್ಯ ಮುಗಿದಿದೆ. ಕಲರ್ ಫೋಟೊದಲ್ಲಿ ಇದು ಕೆಂಪು, ಕಿತ್ತಳೆ ಪಟ್ಟೆಯಾಗಿ ಬರುತ್ತದೆ. ಬೆಳಕು ರೀಲಿನ ಬೆನ್ನ ಕಡೆಯಿಂದ ಬಂದಾಗ ಕೆಂಪು ಬೆಳಕನ್ನು ಹಿಡಿಯುವ ಪದರಕ್ಕೇ ಮೊದಲು ತಾಗುವುದರಿಂದ ಆ ಬಣ್ಣ.

ಎಲ್ಲ ಫ್ರೇಮಿನಲ್ಲೂ ಪಟ್ಟೆ ಒಂದೇ ತೂಕದಲ್ಲಿ ಇರುವುದಿಲ್ಲ ಎಂಬುದನ್ನೂ ಗಮನಿಸಿ. ಪಟಪಟ ಹೊಡೆದ ಫೋಟೊಗಳಲ್ಲಿ ತೆಳು. ಒಂದು ಫೋಟೊ ಹೊಡೆದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಿಸಿಲಲ್ಲಿ ಬೆಣ್ಣೆದೋಸೆ ಅಂಗಡಿ ಹುಡುಕುತ್ತಾ ನಡೆದಿದ್ದರೆ ಆ ಫ್ರೇಮಿನಲ್ಲಿ ದಟ್ಟ. ಇನ್ನೊಂದು ವಿಷಯ, ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಫೋಟೊದ ಕೆಳಭಾಗದಲ್ಲಿ ಪಟ್ಟೆ ಕಂಡರೆ ಸೋರಿಕೆ ಬಾಗಿಲಿನ ಮೇಲಂಚಿನಲ್ಲಿ ಇರುತ್ತದೆ.

ಖಚಿತ ಮಾಡಿಕೊಳ್ಳಲು ಅರ್ಧ ರೀಲು ಹಾಗೇ ಹೊಡೆಯಿರಿ. ಇನ್ನರ್ಧಕ್ಕೆ ಬಾಗಿಲ ಸಂದಿಗೆಲ್ಲ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ. ಟೇಪ್ ಸುತ್ತಿದ ಭಾಗ ಶುದ್ಧವಾಗಿ ಬಂದರೆ ಫೋಮ್ ಬದಲಿಸಿದರೆ ಸಾಕು. ಇದನ್ನು ಮನೆಯಲ್ಲೇ ಮಾಡಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್, ಹಲ್ಲುಕಡ್ಡಿ, ಹತ್ತಿ ಸಾಕು. ಹಳೆ ಅಂಟನ್ನು ತಾಳ್ಮೆಯಿಂದ ಕೆರೆದು ತೆಗೆಯಿರಿ. ಪುಡಿ ಶಟರ್ ಮೇಲೆ ಬೀಳದಂತೆ ಕ್ಯಾಮೆರಾ ಓರೆಯಾಗಿ ಹಿಡಿಯಿರಿ. ತೆಳು ತೋಡಿಗೆ ಕಪ್ಪು ಉಣ್ಣೆ ದಾರ ಕೂರಿಸಿದರೂ ನಡೆಯುತ್ತದೆ, ಕೀಲಿನ ಬದಿಗೆ ಮಾತ್ರ ಅಂಟುಳ್ಳ ಫೋಮ್ ಹಾಳೆ ಬೇಕು. ಕನ್ನಡಿಯ ಮೇಲಿರುವ ಫೋಮ್ ಮುಟ್ಟುವಾಗ ಫೋಕಸಿಂಗ್ ಸ್ಕ್ರೀನಿಗೆ ಆಲ್ಕೊಹಾಲ್ ತಾಗದಿರಲಿ. ಅದು ಪ್ಲಾಸ್ಟಿಕ್, ಒಂದು ಹನಿಗೆ ಮಬ್ಬಾಗುತ್ತದೆ.

ಕಲೆ ಫ್ರೇಮಿನೊಳಗೇ ನಿಂತಿದ್ದರೆ, ಅದೂ ಪ್ರತಿ ಫ್ರೇಮಿನ ಒಂದೇ ಜಾಗದಲ್ಲಿ ಚುಕ್ಕೆಯಂತೆ ಇದ್ದರೆ, ಬಟ್ಟೆಯ ಶಟರ್ ಪರದೆಯಲ್ಲಿ ಸೂಜಿತೂತು ಬಿದ್ದಿರಬಹುದು. ಕನ್ನಡಿ ಇಲ್ಲದ ಹಳೆ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ ಇದು ಜಾಸ್ತಿ. ಮುಚ್ಚಳ ಹಾಕದೆ ಸೂರ್ಯನ ಕಡೆ ಇಟ್ಟರೆ ಲೆನ್ಸೇ ಪರದೆಯನ್ನು ಸುಡುತ್ತದೆ. ಲೆನ್ಸ್ ಬಿಚ್ಚಿ, ಬಾಗಿಲು ತೆಗೆದು, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಎಸ್‌ಎಲ್‌ಆರ್ ಆದರೆ ಕನ್ನಡಿ ಅಡ್ಡ ಬರುತ್ತದೆ, ಅದು ಮೇಲೆದ್ದು ನಿಂತಿದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ತೂತಿದ್ದರೆ ನಕ್ಷತ್ರದಂತೆ ಮಿನುಗುತ್ತದೆ.

ರೀಲಿನ ಮೊದಲ ಎರಡು ಮೂರು ಫ್ರೇಮ್ ಮಾತ್ರ ಸುಟ್ಟಿದ್ದರೆ ಯೋಚನೆ ಬೇಡ. ಬಿಸಿಲಲ್ಲಿ ಲೋಡ್ ಮಾಡಿದ್ದೀರಿ. ಮೈಯ ನೆರಳಿನಲ್ಲಾದರೂ ಲೋಡ್ ಮಾಡಿ.

ತೆಳು ಫ್ರೇಮು, ಬಂಡೆ ಮತ್ತು ಆಕಾಶ

ಅಂಚಿನ ಬರಹ ಚೆನ್ನಾಗಿದ್ದು ಫ್ರೇಮ್ ತೆಳುವಾದರೆ ಬೆಳಕಿನ ಲೆಕ್ಕ ತಪ್ಪಿದೆ. ಯಾವ ಯಾವ ಫ್ರೇಮ್ ತೆಳು ಎಂದು ಮೊದಲು ಗುರುತು ಹಾಕಿ. ಕೋಟೆ ಮೇಲೆ ನಿಂತು ಹೊಡೆದ ಫೋಟೊಗಳು ಮಾತ್ರ ತೆಳು, ಕೆಳಗೆ ಪೇಟೆಯಲ್ಲಿ ಹೊಡೆದವು ಸರಿ ಅಂದರೆ ಬೆಳಕು ಅಳೆಯುವ ಮೀಟರ್ ಕೆಟ್ಟಿಲ್ಲ. ಏಳು ಸುತ್ತಿನ ಕೋಟೆಯ ಮೇಲೆ ಫ್ರೇಮಿನ ಅರ್ಧಕ್ಕೆ ಆಕಾಶವೇ ತುಂಬಿರುತ್ತದೆ. ಮೀಟರ್ ಆ ಬೆಳ್ಳನೆ ಆಕಾಶ ನೋಡಿ ಬೆಳಕು ಜಾಸ್ತಿಯಿದೆ ಅಂದುಕೊಳ್ಳುತ್ತದೆ. ಬಂಡೆಯ ನೆರಳೆಲ್ಲ ಕಪ್ಪು ಮುದ್ದೆ. ಕ್ಯಾಮೆರಾ ಕೆಳಗೆ ಬಾಗಿಸಿ ಬಿಸಿಲು ಬಿದ್ದ ಬಂಡೆಗೆ ಮೀಟರ್ ಹಿಡಿದು, ಆ ಲೆಕ್ಕ ಹಾಗೇ ಇಟ್ಟುಕೊಂಡು ಫೋಟೊ ಹೊಡೆಯಿರಿ.

ಮೀಟರ್ ಮೇಲೇ ಅನುಮಾನ ಇದ್ದರೆ ಹಳೆ ಸೂತ್ರ ಇದೆಯಲ್ಲ, ನೆತ್ತಿ ಬಿಸಿಲಿಗೆ ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಫ್/16, ಶಟರ್ ವೇಗ ರೀಲಿನ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಸಂಖ್ಯೆಯ ಹತ್ತಿರದ್ದು. 200ರ ರೀಲಾದರೆ 1/250. ಬಿಸಿಲಲ್ಲಿ ನಿಮ್ಮ ಮೀಟರ್ ಇದಕ್ಕಿಂತ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು ಇಲ್ಲವೇ ಅರ್ಧ) ಒಳಗೇ ಹೇಳಿದರೆ ಬದುಕಿದೆ. ಮೊಬೈಲಿನ ಲೈಟ್ ಮೀಟರ್ ಆ್ಯಪ್ ಜೊತೆಗೂ ಹೋಲಿಸಿ ನೋಡಬಹುದು. ಒನಕೆ ಓಬವ್ವನ ಕಿಂಡಿಯಂಥ ಕತ್ತಲ ಜಾಗದಲ್ಲಿ ಈ ಸೂತ್ರ ನಡೆಯುವುದಿಲ್ಲ, ಅಲ್ಲಿ ಮೀಟರ್ ಬೇಕೇ ಬೇಕು.

ಇಡೀ ರೀಲು ಒಂದೇ ಥರ ತೆಳುವಾದರೆ ಮೊದಲು ಐಎಸ್‌ಒ ಡಯಲ್ ನೋಡಿ. 100ರ ರೀಲು ಹಾಕಿ ಡಯಲ್ 400ರಲ್ಲೇ ಬಿಟ್ಟಿರುವುದು ದಿನದ ಕತೆ. ಆಮೇಲೆ ಬ್ಯಾಟರಿ. 1960-70ರ ದಶಕದ ಹಲವು ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದವು. ಆ ಬ್ಯಾಟರಿ ಈಗ ಸಿಗುವುದಿಲ್ಲ. ಅದರ ಜಾಗಕ್ಕೆ 1.5 ವೋಲ್ಟಿನದ್ದು ತುರುಕಿದರೆ ಮೀಟರ್ ದಾರಿ ತಪ್ಪುತ್ತದೆ. ಕಿವಿ ಯಂತ್ರದ 675 ನಂಬರಿನ ಬ್ಯಾಟರಿ 1.4 ವೋಲ್ಟ್. ಅದು ಮೂಲಕ್ಕೆ ಹತ್ತಿರ, ಆದರೆ ಗಾಳಿ ತಾಗಿದ ಮೇಲೆ ಬಾಳಿಕೆ ಕಡಿಮೆ.

ಪೆಂಟ್ಯಾಕ್ಸ್ ಕೆ1000 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಮೀಟರ್‌ಗೆ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಬೆಳಕು ಬಿದ್ದಷ್ಟು ಹೊತ್ತೂ ಬ್ಯಾಟರಿ ತಿನ್ನುತ್ತಿರುತ್ತದೆ. ಶೋಕೇಸಿನಲ್ಲಿ ಮುಚ್ಚಳ ಇಲ್ಲದೆ ಇಡಬೇಡಿ. ಕ್ಯಾನನ್ ಎಇ-1 ಆದರೆ ಬ್ಯಾಟರಿ ಇಲ್ಲದೆ ಶಟರ್ ಕೂಡ ಓಡುವುದಿಲ್ಲ. ‘ಸತ್ತುಹೋಗಿದೆ’ ಎಂದು ಮೂಲೆಗೆ ಬಿದ್ದವುಗಳಲ್ಲಿ ಬರೀ ಬ್ಯಾಟರಿ ಖಾಲಿಯಾದವೂ ಇರುತ್ತವೆ. ಅದಕ್ಕೆ 6 ವೋಲ್ಟಿನ 4ಎಲ್‌ಆರ್44 ಬೇಕು. ಸಿಗದಿದ್ದರೆ ವಾಚ್ ಅಂಗಡಿಯಲ್ಲಿ ಎಲ್‌ಆರ್44 ನಾಲ್ಕು ಕೊಂಡು, ಒಂದರ ಮೇಲೊಂದು ಇಟ್ಟು ಕಾಗದ ಸುತ್ತಿ ಹಾಕಿ.

ಶಟರ್, ಫ್ಲ್ಯಾಶ್, ಲೆನ್ಸ್

ಫ್ಲ್ಯಾಶ್ ಹಾಕಿದ ಫೋಟೊಗಳಲ್ಲಿ ಮಾತ್ರ ಫ್ರೇಮಿನ ಒಂದು ಭಾಗ ಕತ್ತಲೆಯಾದರೆ ಕ್ಯಾಮೆರಾ ಸರಿಯಾಗಿದೆ. ಶಟರ್ ವೇಗ ಸಿಂಕ್ (ಫ್ಲ್ಯಾಶಿಗೆ ಹೊಂದುವ ಗರಿಷ್ಠ ವೇಗ) ಮೀರಿದೆ. ಕೆ1000ಕ್ಕೆ 1/60, ನಿಕಾನ್ ಎಫ್‌ಎಂ10ಕ್ಕೆ 1/125. ಡಯಲ್ ಮೇಲೆ ಬೇರೆ ಬಣ್ಣದಲ್ಲೋ ಎಕ್ಸ್ ಗುರುತಿನಲ್ಲೋ ತೋರಿಸಿರುತ್ತಾರೆ.

ಫ್ಲ್ಯಾಶ್ ಇಲ್ಲದೆಯೇ, ಬಿಸಿಲಲ್ಲಿ 1/500, 1/1000ದಲ್ಲಿ ಹೊಡೆದಾಗ ಒಂದು ಬದಿ ಕಪ್ಪಾದರೆ ಅದು ನಿಜವಾದ ಕಾಯಿಲೆ. ಈ ವೇಗದಲ್ಲಿ ಎರಡು ಪರದೆಗಳ ನಡುವೆ ಸಣ್ಣ ಸೀಳು ಓಡಬೇಕು. ಮೊದಲ ಪರದೆ ನಿಧಾನ ಆದರೆ ಎರಡನೆಯದು ಬಂದು ಅದನ್ನು ಮುಚ್ಚಿಬಿಡುತ್ತದೆ. ಮೆಕ್ಯಾನಿಕ್ ಸಿಗುವ ತನಕ 1/250ರ ಒಳಗೇ ಬಳಸಿ.

ನಿಧಾನ ವೇಗಗಳನ್ನು ಮೊಬೈಲಿನಿಂದಲೇ ಪರೀಕ್ಷಿಸಬಹುದು. ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ, ಬಾಗಿಲು ತೆಗೆದ ಕ್ಯಾಮೆರಾವನ್ನು ಬೆಳಕಿನ ಕಡೆ ಹಿಡಿದು ರೆಕಾರ್ಡ್ ಮಾಡಿ. ಶಟರ್ ತೆರೆದಿರುವ ಫ್ರೇಮ್ ಎಣಿಸಿ. 1/60ಕ್ಕೆ ಸುಮಾರು 4, 1/30ಕ್ಕೆ 8 ಬರಬೇಕು. 1/15, 1/8ರಲ್ಲಿ ಎರಡು ಪಟ್ಟು ಬರುತ್ತಿದ್ದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ. 1/500, 1/1000ವನ್ನು ಹೀಗೆ ಅಳೆಯಲು ಹೋಗಬೇಡಿ, ಸುಮ್ನೆ ಗೊಂದಲ ಆಗುತ್ತದೆ. ಹಳೆ ಕ್ಯಾಮೆರಾದ ಸೆಲ್ಫ್ ಟೈಮರ್ ಕಡ್ಡಿಯನ್ನು ಮಾತ್ರ ಕುತೂಹಲಕ್ಕೂ ಎಳೆಯಬೇಡಿ. ಅರ್ಧಕ್ಕೆ ನಿಂತು ಇಡೀ ಶಟರನ್ನೇ ಹಿಡಿದಿಡುತ್ತದೆ.

ಫೋಟೊಗಳೆಲ್ಲ ಮಂಜು ಕವಿದಂತೆ, ಎದುರು ಬೆಳಕಿನಲ್ಲಿ ಇನ್ನೂ ಜಾಸ್ತಿ ಮಬ್ಬಾದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕವಲೊಡೆದ ಬಿಳಿ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ. ಮಳೆಗಾಲದಲ್ಲಿ ಚರ್ಮದ ಕೇಸಿನಲ್ಲಿ ಮುಚ್ಚಿಟ್ಟಿದ್ದರ ಫಲ. ಎಫ್/16ಕ್ಕೆ ಇಟ್ಟಾಗ ಮಾತ್ರ ಫೋಟೊ ಅತಿ ಬೆಳ್ಳಗೆ ಬಂದರೆ ಅಪರ್ಚರ್ ಎಲೆಗಳಿಗೆ ಎಣ್ಣೆ ಇಳಿದಿದೆ, ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ.

ತೊಳೆಯುವ ಮನೆ: ಬಿಸಿಲು ಮತ್ತು ನೀರು

ಕಪ್ಪು-ಬಿಳುಪು ರೀಲನ್ನು ಮನೆಯಲ್ಲೇ ತೊಳೆಯುವವರಿಗೆ ಪುಸ್ತಕಗಳು 20 ಡಿಗ್ರಿ ಎಂದು ಹೇಳುತ್ತವೆ. ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಸಿಂಟೆಕ್ಸ್ ನೀರಿಗೆ ಕೈ ಇಟ್ಟವರಿಗೆ ಆ 20 ಒಂದು ತಮಾಷೆ. ಕಲರ್‌ನ ಸಿ-41 ಡೆವಲಪರ್ 38 ಡಿಗ್ರಿ ಬೇಡುತ್ತದೆ, ಅದಕ್ಕೆ ನಮ್ಮ ನಲ್ಲಿಯೇ ಒಗ್ಗುತ್ತದೇನೋ! ಆದರೆ ಕಪ್ಪು-ಬಿಳುಪಿಗೆ ಈ ಬಿಸಿ ದೊಡ್ಡ ಶತ್ರು.

ಬಿಸಿ ಹೆಚ್ಚಿದಂತೆ ಸಮಯ ಕಡಿಮೆ ಮಾಡಬೇಕು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಡಿ-76 ಎಂಬ ಡೆವಲಪರ್ ಅನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24 ಡಿಗ್ರಿಯಲ್ಲಿ ಅದು 5 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. 5 ನಿಮಿಷಕ್ಕಿಂತ ಕಡಿಮೆ ಆದರೆ ಡೆವಲಪರ್ ಎಲ್ಲ ಕಡೆ ಸಮನಾಗಿ ಕೆಲಸ ಮಾಡುವುದಿಲ್ಲ. ಆಕಾಶದಲ್ಲಿ ತೇಪೆ ತೇಪೆ ಕಾಣುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಒಂದಕ್ಕೆ ಒಂದು ನೀರು ಬೆರೆಸಿ ಬಳಸುವುದು ಮೇಲು. ಆಗ 20 ಡಿಗ್ರಿಗೆ 11 ನಿಮಿಷ, 24ಕ್ಕೆ ಏಳೂವರೆ ಹತ್ತಿರ. ಕೈಗೆ ಸಿಗುವ ಸಮಯ ಇದು.

24ಕ್ಕೆ ಇಳಿಸುವುದು ಹೇಗೆ? ಐಸನ್ನು ಡೆವಲಪರ್‌ಗೇ ಹಾಕಬೇಡಿ, ತೆಳುವಾಗಿಬಿಡುತ್ತದೆ. ಬಕೆಟ್ಟಿನಲ್ಲಿ ನೀರು, ಐಸ್ ಹಾಕಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣ ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರೇ ಸಾಕಷ್ಟು ತಂಪಿರುತ್ತದೆ, ಐಸ್ ಖರ್ಚು ಉಳಿಯುತ್ತದೆ. ಮಳೆಗಾಲದ ತೇವದಲ್ಲಿ ಮಡಕೆ ಅಷ್ಟು ತಂಪು ಮಾಡುವುದಿಲ್ಲ, ಆದರೆ ಆಗ ನಲ್ಲಿ ನೀರೇ ಪರವಾಗಿಲ್ಲ.

ಡೆವಲಪರ್ ತಂಪು ಮಾಡಿ ಆಮೇಲೆ ಬಿಸಿ ನಲ್ಲಿ ನೀರಿನಲ್ಲಿ ತೊಳೆಯುವುದು ಇನ್ನೊಂದು ಅನಾಹುತ. ತಟ್ಟನೆ ಬಿಸಿ ಬದಲಾದರೆ ರೀಲಿನ ಮೇಲಿನ ಪದರ ಸುಕ್ಕುಗಟ್ಟುತ್ತದೆ. ಫೋಟೊದಲ್ಲಿ ಬಿರುಕು ಬಿಟ್ಟ ಕೆರೆಯಂಗಳದಂತೆ ಜಾಲ ಕಾಣುತ್ತದೆ. ಡೆವಲಪರ್, ಹೈಪೋ, ತೊಳೆಯುವ ನೀರು ಎಲ್ಲವೂ ಒಂದೆರಡು ಡಿಗ್ರಿ ಒಳಗೇ ಇರಲಿ.

ಡೆವಲಪರ್ ಬದುಕಿದೆಯೋ ಇಲ್ಲವೋ ನೋಡಲು ರೀಲಿನ ನಾಲಿಗೆಯ ಚೂರನ್ನು ಬೆಳಕಿನಲ್ಲೇ ಅದರೊಳಗೆ ಹಾಕಿ. ಕೆಲವು ನಿಮಿಷದಲ್ಲಿ ಕಪ್ಪಾಗಬೇಕು. ಡಿ-76 ತುಂಬಿದ ಬಾಟಲಿಯಲ್ಲಿ 6 ತಿಂಗಳು, ಅರ್ಧ ಖಾಲಿಯಾದ ಬಾಟಲಿಯಲ್ಲಿ 2 ತಿಂಗಳು ಎಂಬುದು ಕೊಡಾಕ್ ಲೆಕ್ಕ. ನಮ್ಮ ಬಿಸಿಲಿಗೆ ಅದನ್ನೂ ಪೂರ್ತಿ ನಂಬದೆ ಪ್ರತಿ ಸಲ ಚೂರು ಹಾಕಿ ನೋಡುವುದು ಕ್ಷೇಮ.

ಹೈಪೋಗೂ ಇಂಥದ್ದೇ ಪರೀಕ್ಷೆ. ತೊಳೆಯದ ಚೂರು ಹಾಕಿ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ನೋಡಿ. ಅದರ ಎರಡು ಪಟ್ಟು ಹೊತ್ತು ರೀಲನ್ನು ಇಡಬೇಕು. ಹೊಸದಿದ್ದಾಗ ತೆಗೆದುಕೊಂಡದ್ದರ ಎರಡು ಪಟ್ಟು ಹೊತ್ತು ತಿಳಿಯಾಗಲು ಬೇಕಾದರೆ ಚೆಲ್ಲಿಬಿಡಿ. ನೆಗೆಟಿವ್ ಹಾಲಿನಂತೆ ಮಬ್ಬಾಗಿದ್ದರೆ ಹೈಪೋ ಸಾಲಲಿಲ್ಲ, ಹೊಸದರಲ್ಲಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ತಿಳಿ ಗುಲಾಬಿ ಬಣ್ಣ ಮಾತ್ರ ಉಳಿದಿದ್ದರೆ ಹೆದರಬೇಡಿ. ಅದು ರೀಲಿನಲ್ಲೇ ಇರುವ ಬಣ್ಣ, ಇನ್ನಷ್ಟು ತೊಳೆದರೆ ಹೋಗುತ್ತದೆ. ಕಲ್ಲು ಹೈಪೋ ಕರಗಿಸುವವರಿಗೆ ಒಂದು ಸೂಚನೆ. ಅದು ಕರಗುವಾಗ ನೀರನ್ನು ಬಹಳ ತಣ್ಣಗೆ ಮಾಡುತ್ತದೆ. ಕರಗಿದ ಮೇಲೆ ಥರ್ಮಾಮೀಟರ್ ಹಾಕಿ, ಮೊದಲಲ್ಲ.

ಇನ್ನು ನೀರಿನ ಕಲೆ. ಒಣಗಿದ ನೆಗೆಟಿವ್ ಮೇಲೆ ಬಿಳಿ ಸುಣ್ಣದ ಉಂಗುರಗಳು ಬಿದ್ದಿದ್ದರೆ ಬೋರ್‌ವೆಲ್ ನೀರಿನಲ್ಲಿ ತೊಳೆದಿದ್ದೀರಿ. ಚಿತ್ರದುರ್ಗ ಪೇಟೆಗೆ ಸೂಳೆಕೆರೆಯ ನೀರು, ದಾವಣಗೆರೆಗೆ ಕುಂದವಾಡ ಕೆರೆಯ ನೀರು ಬರುವ ದಿನ ಅಷ್ಟು ತೊಂದರೆ ಇಲ್ಲ. ಕೊಡದೊಳಗೆ ಬಿಳಿ ಪದರ ಕಟ್ಟುವ ಬೋರ್ ನೀರು ರೀಲಿನ ಮೇಲೂ ಅದನ್ನೇ ಕಟ್ಟುತ್ತದೆ. ತೊಳೆಯಲು ಯಾವ ನೀರಾದರೂ ಬಳಸಿ, ಕೊನೆಯ ಮುಳುಗು ಮಾತ್ರ ಶುದ್ಧ ನೀರಿನಲ್ಲಿ ಆಗಲಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಗ್ಗ, ಎಲ್ಲ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ, ಕ್ಯಾನಿನ ಮೇಲಿನ ಬರಹ ಓದಿ ತನ್ನಿ. ಫೋಟೊ-ಫ್ಲೋ (ನೀರು ಹನಿಗಟ್ಟದಂತೆ ಮಾಡುವ ದ್ರವ) ಇದ್ದರೆ ಒಂದು ಪಾಲಿಗೆ 200 ಪಾಲು ನೀರು. ಜಾಸ್ತಿ ಹಾಕಿದರೆ ಅದೇ ಕಲೆ ಬಿಡುತ್ತದೆ. ಆಗಲೇ ಬಿದ್ದ ಕಲೆಗೂ ಇದೇ ಮದ್ದು, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಮತ್ತೆ ಒಣಗಿಸಿ.

ಒಣಗಿಸುವಾಗ ಫ್ಯಾನ್ ಹಾಕಬೇಡಿ. ಚಿತ್ರದುರ್ಗದ ಗಾಳಿಗೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನೇ ನೆಟ್ಟಿದ್ದಾರೆ, ಕಿಟಕಿ ತೆರೆದರೆ ಧೂಳಿಗೆ ಬೇರೆ ದಾರಿ ಬೇಕೇ? ಬಚ್ಚಲುಮನೆಯಲ್ಲಿ ಸ್ವಲ್ಪ ಬಿಸಿನೀರು ಬಿಟ್ಟು ಆವಿ ಏಳಲಿ, ಧೂಳು ಕೂರಲಿ. ಆಮೇಲೆ ರೀಲು ನೇತುಹಾಕಿ ಬಾಗಿಲು ಹಾಕಿ.

ಚಿಕ್ಕ ಗುರುತುಗಳು

ನೆಗೆಟಿವ್ ಮೇಲೆ ದುಂಡನೆಯ ತಿಳಿ ಚುಕ್ಕೆಗಳಿದ್ದರೆ ಗಾಳಿಗುಳ್ಳೆ. ಡೆವಲಪರ್ ಹೊಯ್ದ ತಕ್ಷಣ ಟ್ಯಾಂಕನ್ನು ಮೇಜಿಗೆ ಎರಡು ಸಲ ತಟ್ಟಿ. ಅರ್ಧಚಂದ್ರದ ಕಪ್ಪು ಗೆರೆ ಅಂದರೆ ಸುತ್ತುವಾಗ ರೀಲು ಮಡಚಿದೆ. ಒಂದೇ ಅಂಚು ರೀಲಿನುದ್ದಕ್ಕೂ ಪೇಲವ ಅಂದರೆ ಟ್ಯಾಂಕಿಗೆ ದ್ರಾವಣ ಸಾಲಲಿಲ್ಲ. ಪ್ಯಾಟರ್ಸನ್ ಟ್ಯಾಂಕಿನಲ್ಲಿ ಒಂದು 35 ಎಂಎಂ ರೀಲಿಗೆ 290 ಮಿಲಿ ಬೇಕು, ತಳದಲ್ಲೇ ಬರೆದಿದೆ. ತೂತುಗಳ ಎದುರಿಗೆ ಗೆರೆ ಗೆರೆಯಾಗಿ ದಟ್ಟವಾದರೆ ಜಾಸ್ತಿ ಕುಲುಕಿದ್ದೀರಿ.

ರೀಲಿನುದ್ದಕ್ಕೂ ಕಡ್ಡಿ ಇಟ್ಟಂತೆ ನೇರ ಗೀರು ಇದ್ದರೆ ಕ್ಯಾಮೆರಾದ ಒತ್ತುಫಲಕದಲ್ಲೋ ಡಬ್ಬಿಯ ಬಾಯಿಯ ಮಖಮಲ್ಲಿನಲ್ಲೋ ಮರಳ ಕಣ ಸಿಕ್ಕಿದೆ. ಕೋಟೆ ಮೇಲೆ ಗಾಳಿಗೆ ಎದುರಾಗಿ ರೀಲು ಬದಲಿಸಿದರೆ ಹೀಗಾಗುತ್ತದೆ. ಅಂಕುಡೊಂಕು ಗೀರಾದರೆ ಒದ್ದೆ ರೀಲನ್ನು ಬೆರಳಿನಿಂದ ಎಳೆದದ್ದು.

ಅಂಚೂ ಸೇರಿ ಎಲ್ಲ ಕಡೆ ಬೂದು ಮುಸುಕು ಹರಡಿದ್ದರೆ ರೀಲು ಹಳೆಯದು, ಇಲ್ಲವೇ ಬೇಯಿತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೀಲು ಹಳೆ ಸ್ಟುಡಿಯೊ ಕಪಾಟಿನಲ್ಲಿ ಸಿಕ್ಕಿತೆಂದು ಖುಷಿಪಡುವವರು ಈ ಮುಸುಕಿಗೂ ತಯಾರಿರಬೇಕು. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡುವುದು ರೂಢಿಯ ಲೆಕ್ಕ. ಹೊಸ ರೀಲನ್ನೂ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು ಮಧ್ಯಾಹ್ನವೆಲ್ಲ ನಿಲ್ಲಿಸಿದರೆ ಅದೇ ಗತಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಡಬ್ಬಿ ತೆರೆಯದೆ ಒಂದೆರಡು ಗಂಟೆ ಹೊರಗಿಡಿ. ಇಲ್ಲದಿದ್ದರೆ ತೇವ ಕಟ್ಟುತ್ತದೆ.

ಪರೀಕ್ಷೆಯ ರೀಲು

ಇಷ್ಟು ನೋಡಿಯೂ ತಿಳಿಯದಿದ್ದರೆ ಜಾತ್ರೆಗೆ ಮೊದಲೇ ಒಂದು ಅಗ್ಗದ ಕಪ್ಪು-ಬಿಳುಪು ರೀಲು ಖರ್ಚು ಮಾಡಿ. ಬಿಸಿಲು ಬಿದ್ದ, ಏಕಬಣ್ಣದ ಗೋಡೆ ಸಾಕು. 100ರ ರೀಲಾದರೆ ಎಫ್/16ಕ್ಕೆ 1/125, ಎಫ್/11ಕ್ಕೆ 1/250, ಎಫ್/8ಕ್ಕೆ 1/500, ಎಫ್/5.6ಕ್ಕೆ 1/1000. ನಾಲ್ಕೂ ಒಂದೇ ಪ್ರಮಾಣದ ಬೆಳಕು, ನಾಲ್ಕು ಫ್ರೇಮೂ ಒಂದೇ ದಟ್ಟಣೆಯಲ್ಲಿ ಬರಬೇಕು. ಯಾವುದು ಬೇರೆ ಬಂತೋ ಆ ವೇಗ ಅಥವಾ ಆ ಅಪರ್ಚರ್ ಕೆಟ್ಟಿದೆ. ಯಾವುದು ಎಂದು ಬಿಡಿಸಲು ಅದೇ ವೇಗವನ್ನು ಬೇರೆ ಅಪರ್ಚರ್ ಜೊತೆ ಇನ್ನೊಮ್ಮೆ ಹೊಡೆಯಿರಿ. ಆಮೇಲೆ ಒಂದು ಫ್ರೇಮ್ ಹೊಡೆದು ಕ್ಯಾಮೆರಾವನ್ನು ಹತ್ತು ನಿಮಿಷ ಬಿಸಿಲಲ್ಲಿ ಬಿಡಿ, ಫೋಮ್ ಸೋರಿಕೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪ್ರತಿ ಫ್ರೇಮಿನ ಲೆಕ್ಕ ಕಾಗದದ ಮೇಲೆ ಬರೆದಿಡಿ.

ಮೆಕ್ಯಾನಿಕ್‌ಗೆ ಕಳಿಸುವುದಾದರೆ ಬ್ಯಾಟರಿ ತೆಗೆದು, ಆ ಕಾಗದವನ್ನೂ ಪರೀಕ್ಷೆಯ ನೆಗೆಟಿವ್ ತುಂಡನ್ನೂ ಜೊತೆಗೇ ಇಡಿ. ‘ಯಾಕೋ ಸರಿ ಬರ್ತಿಲ್ಲ’ ಎಂದು ಬರೆದರೆ ಅವರು ಇಡೀ ಕ್ಯಾಮೆರಾ ಬಿಚ್ಚಿ ಅದಕ್ಕೆ ತಕ್ಕ ಬಿಲ್ ಹಾಕುತ್ತಾರೆ. ‘1/1000ದಲ್ಲಿ ಒಂದು ಬದಿ ಕಪ್ಪು, 1/250 ಸರಿಯಿದೆ’ ಎಂದು ಬರೆದರೆ ಪರದೆಯ ಬಿಗಿ ಸರಿಮಾಡಿ ಕಳಿಸುತ್ತಾರೆ.